ಜವರಯ್ಯನ ಅಂಗಿಗೆ ಕಾವಲು

ಪುಟ್ಟತಾಯಮ್ಮನ ಕಥೆ ಹೇಳಬೇಕಾದರೆ ಮೊದಲು ಅವಳ ಗಂಡ ಜವರಯ್ಯನ ನಾಲಿಗೆಯ ಕಥೆ ಹೇಳಬೇಕು. ಬೇರೆ ದಾರಿಯೇ ಇಲ್ಲ. ಪಾಂಡವಪುರ ದಾಟಿದ ಮೇಲೆ ನಾಲೆ ಏರಿಯ ಪಕ್ಕದಲ್ಲಿ ಅವನದೊಂದು ಆಲೆಮನೆ. ಗಾಣ ಎಷ್ಟೇ ಸದ್ದು ಮಾಡಲಿ, ಅದರ ಮೇಲೆ ಜವರಯ್ಯನ ಸದ್ದು. ಕಬ್ಬು ತಂದವನಿಗೆ ಬೈಗುಳ, ಬೆಲ್ಲ ಕೊಂಡವನಿಗೆ ಬೈಗುಳ, ಅಡ್ಡ ಬಂದ ನಾಯಿಗೆ ಬೈಗುಳ. ನಾಯಿ ಅಡ್ಡ ಬಾರದ ದಿನ "ಎಲ್ ಸತ್ತೋಯ್ತಲಾ ಆ ಮುಂಡೇದು?" ಎಂದು ಅದಕ್ಕೂ ಒಂದು. ಹಾಗೆಂದು ಯಾರೂ ಬೇಸರ ಮಾಡಿಕೊಂಡವರಲ್ಲ. ಬೈಸಿಕೊಳ್ಳದೆ ಮನೆಗೆ ಹೋದವನೇ "ಯಾಕೋ ಜವರಣ್ಣಂಗೆ ನನ್ ಮ್ಯಾಲೆ ಸಿಟ್ಟು ಬಂದದೆ" ಎಂದು ಹೆಂಡತಿಯ ಹತ್ತಿರ ಹೇಳಿಕೊಂಡು ಕೊರಗುತ್ತಿದ್ದ.

ಪುಟ್ಟತಾಯಮ್ಮ ಕೆ.ಆರ್. ಪೇಟೆ ಕಡೆಯ ಮಾಕವಳ್ಳಿಯವಳು. ಮೆತ್ತಗಿನ ಹೆಂಗಸು. ಮದುವೆಯಾಗಿ ಬಂದ ಹೊಸದರಲ್ಲಿ ಗಂಡ "ಲೇ ಮೂದೇವಿ" ಎಂದಾಗೆಲ್ಲ ಹಿತ್ತಲಿಗೆ ಹೋಗಿ ಅಳುತ್ತಿದ್ದಳು. ಬರಬರುತ್ತಾ ತಿಳಿಯಿತು. "ಲೇ ಮೂದೇವಿ, ಉಂಡ್ಯಾ?" ಅಂದರೆ ಹೊಟ್ಟೆ ಹಸಿದಿರಬೇಕು ಪಾಪ ಎಂದರ್ಥ. "ನಿನ್ ಮುಕ್ಕೆ ಮಣ್ಣಾಕ, ಜರ ಬಂದದೆ ಅಂತ ಯೋಳಕಾಗಕಿಲ್ವಾ?" ಅಂದರೆ ಡಾಕ್ಟರ ಹತ್ತಿರ ಹೋಗಲು ಬೈಕು ಆಗಲೇ ಶುರುವಾಗಿದೆ ಎಂದರ್ಥ. ಅವಳು ಮಾತ್ರ ಒಂದು ದಿನವೂ ಎದುರು ಮಾತಾಡಿದವಳಲ್ಲ. ಜಗಲಿಯ ಮೇಲೆ ಹೊಲಿಗೆ ಮಿಷನ್ನು ಇಟ್ಟುಕೊಂಡು ರವಿಕೆ ಹೊಲಿಯುತ್ತಾ, ಸೀರೆಗಳಿಗೆ ಕುಚ್ಚು ಕಟ್ಟುತ್ತಾ, ಒಳಗಿನಿಂದ ಬರುವ ಬೈಗುಳವನ್ನು ರೇಡಿಯೋ ಕೇಳಿದ ಹಾಗೆ ಕೇಳಿಕೊಂಡು ಇದ್ದಳು.

ಅವಳ ಕೆಲಸದಲ್ಲಿ ಒಂದು ವಿಶೇಷವಿತ್ತು. ಅವಳು ಹೊಲಿದ ಬಟ್ಟೆಯನ್ನು ತಿರುಗಿಸಿ ನೋಡಿದರೆ ಒಳಗೂ ಅಷ್ಟೇ ಚೊಕ್ಕಟ. ಒಂದು ದಾರ ಇಳಿಬಿದ್ದಿರುತ್ತಿರಲಿಲ್ಲ, ಒಂದು ಗಂಟು ಕಾಣುತ್ತಿರಲಿಲ್ಲ. ಹೆಂಗಸರು ರವಿಕೆ ತಗೊಳ್ಳಲು ಬಂದರೆ ಹೊರಗಡೆ ನೋಡುವ ಮೊದಲು ಒಳಗಡೆ ನೋಡಿ "ಅಬ್ಬಾ!" ಅನ್ನುತ್ತಿದ್ದರು. ಮುಂದಿನ ಅನಾಹುತಕ್ಕೆಲ್ಲ ಈ ಚೊಕ್ಕಟತನವೇ ಮೂಲ.

ಅವಳಿಗಿದ್ದ ಭಯ ಒಂದೇ, ದೃಷ್ಟಿ. ಗಂಡನಿಂದ ಬೈಸಿಕೊಂಡವರು ಪಾಂಡವಪುರ ತಾಲ್ಲೂಕಿನಲ್ಲಿ ಅರ್ಧ ಜನ, ಉಳಿದರ್ಧ ಶ್ರೀರಂಗಪಟ್ಟಣದವರು. ಮೇಲೆ ನಕ್ಕರೂ ಒಳಗೆ ಯಾರ ಕಣ್ಣು ಹೇಗೋ! ಆ ವರ್ಷ ಗಾಣದ ಬೆಲ್ಟು ಕಿತ್ತು ಅವನ ಭುಜಕ್ಕೆ ಬಡಿಯಿತು. ಕುದಿಯುವ ಪಾಕ ಸಿಡಿದು ಪಾದ ಬೊಬ್ಬೆ ಎದ್ದಿತು. ಬೈಕು ನಾಲೆಗೆ ಇಳಿಯಿತು, ಅವನೂ ಅದರ ಜೊತೆ ಇಳಿದ. ಪುಟ್ಟತಾಯಮ್ಮ ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದಳು. ನಿಂಬೆಹಣ್ಣು ಕುಯ್ದಳು. ಬೂದುಗುಂಬಳ ಕಟ್ಟಿದಳು. ಆ ಕುಂಬಳಕಾಯಿ ಬಾಗಿಲ ಮೇಲಿಂದ ಕಳಚಿಕೊಂಡು ಜವರಯ್ಯನ ತಲೆಯ ಮೇಲೇ ಬಿತ್ತು. ಇನ್ನೇನು ಮಾಡುವುದು ಹೇಳಿ?

ಅಂಥ ಹೊತ್ತಿನಲ್ಲಿ ಬಂದವಳು ಓಕ್ಸಾನ. ಉಕ್ರೇನ್ ದೇಶದ ಹೆಂಗಸು, ಮೈಸೂರಿಗೆ ಯೋಗ ಕಲಿಯಲು ಬಂದವಳು, ಶ್ರೀರಂಗಪಟ್ಟಣದಲ್ಲಿ ಹೊಳೆ ಪಕ್ಕ ರೂಮು ಮಾಡಿಕೊಂಡಿದ್ದಳು. ಸ್ಕೂಟರಿನಲ್ಲಿ ಮೇಲುಕೋಟೆಗೆ ಹೊರಟವಳು ಕಬ್ಬಿನ ಲಾರಿಯ ತೀರ ಪಕ್ಕಕ್ಕೆ ಹೋಗಿದ್ದಾಳೆ. ಜೋತಾಡುತ್ತಿದ್ದ ಕಬ್ಬಿನ ಜಲ್ಲೆಗೆ ಸಿಕ್ಕಿ ಅಂಗಿಯ ತೋಳು ಹರಿದಿದೆ. ಜಗಲಿಯ ಮೇಲೆ ಮಿಷನ್ನು ಕಂಡಿದ್ದೇ ಬಂದು, ಹರಿದ ತೋಳು ಹಿಡಿದು ತೋರಿಸಿ, ಗೊಳೋ ಎಂದು ಅತ್ತುಬಿಟ್ಟಳು. ಒಂದು ಅಂಗಿ ಹರಿದದ್ದಕ್ಕೆ ಇಷ್ಟು ಅಳುವುದೇ ಎಂದು ಪುಟ್ಟತಾಯಮ್ಮನಿಗೆ ಆಶ್ಚರ್ಯ.

ಬಿಳಿ ನಾರಿನ ಬಟ್ಟೆ, ಕೊರಳ ಸುತ್ತ, ತೋಳ ತುದಿಗೆ, ಕೆಳಗಿನ ಅಂಚಿಗೆ ಕೆಂಪು ದಾರದ ಕಸೂತಿ. ಓಕ್ಸಾನ ಮೊಬೈಲಿಗೆ ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಮೊಬೈಲು ವಾರ್ತೆ ಓದುವವರ ಗಂಡು ಧ್ವನಿಯಲ್ಲಿ ಕನ್ನಡ ನುಡಿಯಿತು: "ಇದನ್ನು ನನ್ನ ಅಜ್ಜಿ ಹೊಲಿದರು. ಬಟ್ಟೆ ಎಲ್ಲಿ ಮುಗಿದು ಮೈ ಎಲ್ಲಿ ಆರಂಭವಾಗುತ್ತದೆಯೋ, ಕೆಡುಕು ಅಲ್ಲಿಂದ ಪ್ರವೇಶಿಸುತ್ತದೆ. ಆದ್ದರಿಂದ ಅಲ್ಲಿ ಕೆಂಪು ದಾರದ ಕಾವಲು ಇರತಕ್ಕದ್ದು."

ಪುಟ್ಟತಾಯಮ್ಮನ ಕೈಯಲ್ಲಿದ್ದ ಸೂಜಿ ನಿಂತುಹೋಯಿತು. "ಅಂದ್ರೆ ದುಷ್ಟಿಗಾ?" ಎಂದು ಮೊಬೈಲನ್ನೇ ಕೇಳಿದಳು.

"ಹೌದು, ದೃಷ್ಟಿದೋಷ," ಎಂದಿತು ಮೊಬೈಲು.

ಆಮೇಲೆ ಕೇಳಬೇಕೇ! ರಾಗಿಮುದ್ದೆ ತಣ್ಣಗಾಯಿತು, ಇಬ್ಬರೂ ಮೇಲೇಳಲಿಲ್ಲ. ಓಕ್ಸಾನ ಒಂದೊಂದೇ ಗುರುತು ತೋರಿಸಿದಳು. ನಾಲ್ಕು ಭಾಗ ಮಾಡಿದ ಡೈಮಂಡು, ಒಂದೊಂದು ಭಾಗಕ್ಕೂ ಒಂದೊಂದು ಚುಕ್ಕಿ. ಅದು ಬಿತ್ತಿದ ಹೊಲ, ಚುಕ್ಕಿಗಳೇ ಬೀಜ. "ನಮ್ ನಾಲೆ ಕೆಳ್ಗಳ ಗದ್ದೆನೂ ಇಂಗೇ ಕಾಣ್ತದೆ ಕಣವ್ವ, ಏರಿ ಮ್ಯಾಲಿಂದ ನೋಡುದ್ರೆ," ಅಂದಳು ಪುಟ್ಟತಾಯಮ್ಮ. ತೋಳಿನ ಮೇಲಿದ್ದದ್ದು ಹುಂಜ. ಅದು ಕೂಗಿದರೆ ಕತ್ತಲೆಯಲ್ಲಿ ಓಡಾಡುವ ಕೆಟ್ಟದ್ದೆಲ್ಲ ಓಡಿಹೋಗುತ್ತದಂತೆ. ಎದೆಯ ಮೇಲೆ ಮರ: ಬೇರು ಸತ್ತ ಹಿರಿಯರು, ಕೊಂಬೆ ಇನ್ನೂ ಹುಟ್ಟದ ಮಕ್ಕಳು. ಹೊಲಿಯುವಾಗ ಗಂಟು ಹಾಕಬಾರದು, ಮನಸ್ಸಿನಲ್ಲಿ ಕೆಟ್ಟದ್ದನ್ನು ನೆನೆಯಬಾರದು, ನೆನೆದರೆ ಅದೂ ದಾರದ ಜೊತೆ ಒಳಗೆ ಹೋಗುತ್ತದೆ. ಅಣ್ಣ ಸೈನ್ಯದಲ್ಲಿದ್ದಾನೆ, ಅವನಿಗೂ ಇಂಥದೊಂದು ಹೊಲಿದು ಕಳಿಸಿದ್ದೇನೆ, ಸಮವಸ್ತ್ರದ ಒಳಗೆ ಹಾಕಿಕೊಳ್ಳುತ್ತಾನೆ ಎಂದು ಮೊಬೈಲು ಅದೇ ವಾರ್ತೆಯ ಧ್ವನಿಯಲ್ಲಿ ಹೇಳಿತು. ಪುಟ್ಟತಾಯಮ್ಮ ಆ ಬಿಳಿ ಕೈಯನ್ನು ಹಿಡಿದುಕೊಂಡಳು. ಹರಿದ ತೋಳನ್ನು ಹರಿದಿತ್ತೆಂದು ಗೊತ್ತೇ ಆಗದ ಹಾಗೆ ಸೇರಿಸಿಕೊಟ್ಟು, ಗುರುತುಗಳನ್ನೆಲ್ಲ ಹಳೇ ರವಿಕೆ ತುಂಡಿನ ಮೇಲೆ ಇಳಿಸಿಕೊಂಡಳು.

ಗಂಡನ ಬಿಳಿ ಅಂಗಿಯೊಂದನ್ನು ತೆಗೆದು ಶುರುಮಾಡಿದಳು. ಕೊರಳಪಟ್ಟಿಯ ಸುತ್ತ ಬಿತ್ತಿದ ಹೊಲ, ತೋಳುಗಳಿಗೆ ಹುಂಜ (ಮನೆಯ ನಾಟಿ ಹುಂಜನನ್ನು ನೋಡಿಕೊಂಡೇ ಹೊಲಿದಳು, ಹಾಗಾಗಿ ಅದಕ್ಕೂ ಒಂದು ಕಾಲು ಸೊಟ್ಟ), ಗುಂಡಿಪಟ್ಟಿಯ ಉದ್ದಕ್ಕೂ ಮರ. ಗುಂಡಿಯ ತೂತುಗಳನ್ನೂ ಬಿಡಲಿಲ್ಲ, ಜೇಬನ್ನೂ ಬಿಡಲಿಲ್ಲ. ಕೆಟ್ಟದ್ದು ನುಗ್ಗಲು ಅಷ್ಟು ಜಾಗ ಸಾಕಲ್ಲವೇ! ಮತ್ತೆ ತನ್ನ ಅಭ್ಯಾಸದಂತೆ ಒಳಗಡೆಯನ್ನೂ ಹೊರಗಡೆಯಂತೆಯೇ ಮಾಡಿದಳು. ಹೊರಗೆ ಎಷ್ಟು ಹೊಲವೋ ಒಳಗೂ ಅಷ್ಟೇ ಹೊಲ. ಹೊರಗಿನ ಹುಂಜ ಆಚೆ ನೋಡುತ್ತಿದ್ದರೆ ಒಳಗಿನದು ಜವರಯ್ಯನ ಮೈಯನ್ನೇ ನೋಡುತ್ತಿತ್ತು.

"ಏನ್ ಲೇ ಇದು, ನನ್ನೇನ್ ಕ್ವಾಣ ಅನ್ಕಂಡಿದ್ಯಾ, ಇಂಗ್ ಸಿಂಗಾರ ಮಾಡಕೆ?" ಎಂದು ಬೈಯುತ್ತಲೇ ಜವರಯ್ಯ ಅಂಗಿ ತೊಟ್ಟ. ಕೊನೇ ಗುಂಡಿ ಹಾಕಿದ. ಇನ್ನೂ ಏನೋ ಬೈಯಲು ಬಾಯಿ ತೆರೆದ. ಕಿವಿ ಕೆಂಪಾಯಿತು, ಕತ್ತಿನ ನರ ಉಬ್ಬಿತು. "ತಮ್ಮ ಕೈಚಳಕ ಮೆಚ್ಚತಕ್ಕದ್ದು," ಎಂದ. ಅಂದವನೇ ತಾನೇ ಬೆಚ್ಚಿ ಹಿಂದೆ ತಿರುಗಿ ನೋಡಿದ, ಯಾರು ಮಾತಾಡಿದವರು ಎಂದು.

ಆಲೆಮನೆಯಲ್ಲಿ ಆ ಬೆಳಿಗ್ಗೆ ಆದದ್ದನ್ನು ನೆನೆದರೆ ದ್ಯಾವಯ್ಯನಿಗೆ ಈಗಲೂ ಬೆವರು. ದ್ಯಾವಯ್ಯ ಕೊಪ್ಪರಿಗೆಯ ಮುಂದೆ ನಿಲ್ಲುವ ಆಳು. ಪಾಕ ಹದಕ್ಕೆ ಬಂದದ್ದು ಜವರಯ್ಯನಿಗೆ ವಾಸನೆಯಲ್ಲೇ ತಿಳಿಯುತ್ತಿತ್ತು. ಆ ಗಳಿಗೆಗೆ "ಇಳ್ಸ್ರಲಾ ಮುಂಡೇವಾ!" ಎಂದು ಒಂದು ಕೂಗು. ಆ ಕೂಗಿಗೆ ಆಳುಗಳ ಕೈಕಾಲು ತಾವಾಗಿ ಓಡುತ್ತಿದ್ದವು. ಅವತ್ತು ಜವರಯ್ಯ ಮುಂದೆ ಬಂದು, ಕೈಮುಗಿದು, "ಮಾನ್ಯರೇ, ತಮ್ಮೆಲ್ಲರ ಸಹಕಾರದಿಂದ ಕೊಪ್ಪರಿಗೆಯನ್ನು ಕೆಳಗಿಳಿಸಿ ನಮ್ಮನ್ನು ಆಶೀರ್ವದಿಸಬೇಕಾಗಿ ವಿನಂತಿ," ಎಂದ. ಲಗ್ನಪತ್ರಿಕೆಯಂಥ ಈ ಮಾತು ಮುಗಿಯುವ ಹೊತ್ತಿಗೆ ಬೆಲ್ಲ ಇದ್ದಿಲಾಗಿತ್ತು. ಆಳುಗಳು ಅದನ್ನು ನೋಡಲೇ ಇಲ್ಲ. ದ್ಯಾವಯ್ಯ ಅಳುತ್ತಾ ಓಡಿಬಂದು, "ಪುಟ್ತಾಯಕ್ಕೋ, ಅಣ್ಣ ಉಳಿಯಕಿಲ್ಲ ಕಣಕ್ಕೋ, ನಂಗೆ ಮಾನ್ಯರೇ ಅಂತಾವ್ನೆ!" ಎಂದ.

ಸ್ನಾನಕ್ಕೆಂದು ಅಂಗಿ ಬಿಚ್ಚಿದಾಗ ಗುಟ್ಟು ಬಯಲಾಯಿತು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡವನ ಬಾಯಿಂದ, ಬೆಳಗಿನಿಂದ ಕಟ್ಟಿಕೊಂಡಿದ್ದದ್ದೆಲ್ಲ ತೂಬು ಎತ್ತಿದ ಹಾಗೆ ಹೊರಬಂತು. ಹಂಡೆಗೆ, ಚೊಂಬಿಗೆ, ನೀರಿಗೆ, ಬೆಲ್ಲ ಸೀಯಿಸಿದ ಎಲ್ಲರಿಗೂ. "ದ್ಯಾವ, ನಿನ್ ಮನೆ ಆಳಾಗೋಗ, ಬೆಲ್ಟು ಸಡ್ಲ ಆಗದೆ ಬಿಗಿ ಮಾಡ್ಲಾ!" ಗೋಡೆಯ ಆಚೆ ನಿಂತಿದ್ದ ದ್ಯಾವಯ್ಯ ಆನಂದದಿಂದ ಕಣ್ಣೊರೆಸಿಕೊಂಡು ಬೆಲ್ಟು ಬಿಗಿ ಮಾಡಲು ಓಡಿದ. ದೃಷ್ಟಿಗೆ ಹೆದರಿ ಪುಟ್ಟತಾಯಮ್ಮ ದಿನಾ ಅದೇ ಅಂಗಿ ತೊಡಿಸುತ್ತಿದ್ದುದರಿಂದ ಅಂದಿನಿಂದ ಆಲೆಮನೆಯ ಆಡಳಿತವೆಲ್ಲ ಬಚ್ಚಲಿನಿಂದಲೇ. ಜವರಯ್ಯ ಸ್ನಾನಕ್ಕೆ ಹೊರಟನೆಂದರೆ ಆಳುಗಳು, ಕಬ್ಬಿನವರು, ಬೆಲ್ಲದವರು ಹಿತ್ತಲ ಗೋಡೆಯ ಪಕ್ಕ ಸಾಲಾಗಿ ನಿಲ್ಲುತ್ತಿದ್ದರು.

ಪಕ್ಕದ ಮನೆಯ ಬೆಟ್ಟಮ್ಮ ಅಂಗಿಯನ್ನು ತಿರುಗಿಸಿ ನೋಡಿ ತೀರ್ಪು ಕೊಟ್ಟಳು. "ಅಯ್ಯೋ ಹುಚ್ಚಿ, ಕಾವ್ಲು ಆಚಿಕ್ ಮುಕ ಮಾಡ್ಕಂಡಿರ್ಬೇಕು. ನೀನು ಒಳಿಕೂ ಮುಕ ಮಾಡ್ಸಿದೀಯಲ್ಲೇ! ಆಚಿಂದು ಒಳಿಕ್ ಬರಂಗಿಲ್ಲ, ಒಳ್ಗಿಂದು ಆಚಿಕ್ ಓಗಂಗಿಲ್ಲ."

ಪುಟ್ಟತಾಯಮ್ಮ ಗಾಬರಿಯಿಂದ ಓಕ್ಸಾನಳಿಗೆ ವಿಡಿಯೋ ಕಾಲ್ ಮಾಡಿಸಿ ಅಂಗಿಯ ಒಳಗಡೆ ತೋರಿಸಿದಳು. ಓಕ್ಸಾನ ಎರಡೂ ಕೈ ಕೆನ್ನೆಗಿಟ್ಟುಕೊಂಡು ಏನೋ ಹೇಳಿದಳು. ಮೊಬೈಲು "ಹಿಂಭಾಗವು ಅತ್ಯಂತ ಸುಂದರವಾಗಿದೆ, ಅಭಿನಂದನೆಗಳು," ಎಂದಿತು. ಅಷ್ಟೇ ಆದ ಉಪಕಾರ. ಒಳಗಡೆಯದನ್ನು ಮಾತ್ರ ಬಿಚ್ಚೋಣವೆಂದರೆ ಎರಡು ಕಡೆಗೂ ಒಂದೇ ದಾರ. ಒಂದನ್ನು ಎಳೆದರೆ ಇನ್ನೊಂದೂ ಬರುತ್ತದೆ.

ಬರಲಿ, ಪೂರ್ತಿ ಬಿಚ್ಚಿಬಿಡೋಣ ಅನ್ನುವ ಹಾಗೂ ಇರಲಿಲ್ಲ. ಅಂಗಿ ತೊಟ್ಟ ಮೇಲೆ ಗಾಣದ ಬೆಲ್ಟು ಕಿತ್ತಿರಲಿಲ್ಲ, ಪಾಕ ಸಿಡಿದಿರಲಿಲ್ಲ, ಬೈಕು ನಾಲೆಯ ಕಡೆ ಮುಖ ಹಾಕಿರಲಿಲ್ಲ. ತಾಲ್ಲೂಕಿನ ಅರ್ಧ ಜನರ ಕಣ್ಣು ಆ ಕೊರಳಪಟ್ಟಿಯ ಆಚೆ ಕಾದು ನಿಂತಿದೆ, ದಾರ ಎಳೆದ ಗಳಿಗೆಯೇ ಒಳಗೆ ನುಗ್ಗುತ್ತದೆ ಎಂದು ಅವಳಿಗೆ ಖಾತ್ರಿಯಿತ್ತು. ಒಂದು ಕಡೆ ಸುಖವಾಗಿರುವ ಗಂಡ. ಇನ್ನೊಂದು ಕಡೆ ತನ್ನ ಗಂಡ. ಇಬ್ಬರಲ್ಲಿ ಒಬ್ಬನನ್ನು ಆರಿಸಿಕೊಳ್ಳಬೇಕಿತ್ತು.

ಏಕೆಂದರೆ ಈ ಅಂಗಿಯವನು ಅವಳಿಗೆ "ತಾವು" ಅನ್ನುತ್ತಿದ್ದ. "ತಾವು ಊಟ ಮಾಡಿದಿರಾ?" "ತಮಗೆ ತೊಂದರೆ ಇಲ್ಲದಿದ್ದರೆ ಒಂದು ಲೋಟ ನೀರು." ನೀರು ಕೊಟ್ಟರೆ ಧನ್ಯವಾದ! ಒಂದು ದಿನ ಪುಟ್ಟತಾಯಮ್ಮ ಲೋಟ ಕುಕ್ಕಿ, "ನಾನೇನ್ ನಿಮ್ಗೆ ಬೀಗಿತ್ತಿಯಾ? ಇಂಗೆ ಮಾತಾಡ್ತೀರಲ್ಲ!" ಎಂದು ಕೇಳಿದಳು. ಜವರಯ್ಯನ ತುಟಿ ಅದುರಿತು, ಕೊರಳು ಉಬ್ಬಿತು. "ತಮ್ಮ ಮನಸ್ಸಿಗೆ ನೋವಾಗಿದ್ದರೆ ಕ್ಷಮೆ ಇರಲಿ," ಎಂದ. ಮನೆಗೆ ಬಂದ ನೆಂಟನೊಬ್ಬ ಹೋಗುವುದನ್ನೇ ಮರೆತು ಕೂತಂತಿತ್ತು ಅವಳಿಗೆ.

ಉಳಿದದ್ದು ಬಚ್ಚಲೊಂದೇ. ಅವಳು ಸೋಪನ್ನು ಬಚ್ಚಿಡಲು ಶುರುಮಾಡಿದಳು. ಅವನು ಬಟ್ಟೆ ಬಿಚ್ಚಿ, ಮೈಗೆ ನೀರು ಹುಯ್ದುಕೊಂಡು, ತಡಕಾಡಿ, "ಲೇ ಮೂದೇವಿ, ಸೋಪ್ ಎಲ್ ಮಡ್ಗಿದ್ಯೇ, ನಿನ್ ಕೈಗ್ ಕಜ್ಜಿ ಆಗ!" ಎಂದು ಕೂಗಿದಾಗ ಬಾಗಿಲಾಚೆ ನಿಂತ ಪುಟ್ಟತಾಯಮ್ಮನ ಮೈ ಹಗುರಾಗುತ್ತಿತ್ತು. ಒಂದು ಸಲಕ್ಕೆ ಸಾಲದೆ ಟವೆಲನ್ನೂ ಬಚ್ಚಿಡುತ್ತಿದ್ದಳು.

ಆದರೆ ಜವರಯ್ಯನಿಗೆ ಮರ್ಯಾದೆಯ ರುಚಿ ಹತ್ತಿತು. ಗೋವಿಂದನಹಳ್ಳಿಯಲ್ಲಿ ಅಣ್ಣತಮ್ಮಂದಿರ ಬದುವಿನ ಜಗಳಕ್ಕೆ ಪಂಚಾಯ್ತಿ ಸೇರಿದಾಗ ಇವನನ್ನು ಕರೆದರು. ಇವನು "ಸಹೋದರರೇ" ಎಂದದ್ದಕ್ಕೇ ಹೆದರಿ ಇಬ್ಬರೂ ರಾಜಿಯಾದರು. ಹೊಣಕೆರೆಯಲ್ಲಿ ಮದುವೆ ಮಾತುಕತೆಗೆ ಕರೆದರು. ಊಟಕ್ಕೆ ಮೊದಲ ಪಂಕ್ತಿ, ಕೂರಲು ಕುರ್ಚಿ. ಇದುವರೆಗೆ ಇವನನ್ನು ಕಂಡರೆ ಎಳೆಮಕ್ಕಳನ್ನು ಒಳಗೆ ಎತ್ತಿಕೊಂಡು ಹೋಗುತ್ತಿದ್ದ ಜನ ಈಗ ಹೆಸರಿಡಿ ಎಂದು ಮಗು ತಂದು ಮಡಿಲಿಗೆ ಹಾಕುತ್ತಿದ್ದರು. "ಇನ್ನೊಂದು ಇಂಥದೇ ಅಂಗಿ ಹೊಲಿದುಕೊಡುವ ಕೃಪೆ ಮಾಡಬೇಕು," ಎಂದು ಹೆಂಡತಿಯನ್ನು ಕೇಳಿದ. ಅವಳು ಸೂಜಿ ಮುರಿದಿದೆ ಎಂದಳು. ಆಗ ಅವನು ಒಂದೇ ಅಂಗಿಯನ್ನು ಮೈಮೇಲಿಂದ ತೆಗೆಯದಿರಲು ತೀರ್ಮಾನಿಸಿ, ಅಂಗಿ ತೊಟ್ಟುಕೊಂಡೇ ಸ್ನಾನ ಮಾಡತೊಡಗಿದ. ಅಂಗಿಯ ಮೇಲೇ ಸೋಪು, ಅಂಗಿಯ ಮೇಲೇ ನೀರು, ಆಮೇಲೆ ಜಗಲಿಯಲ್ಲಿ ಬಿಸಿಲಿಗೆ ಕೈಚಾಚಿ ನಿಂತು ಒಣಗುವುದು. ಹಿತ್ತಲ ಗೋಡೆಯ ಹತ್ತಿರ ಸಾಲಾಗಿ ನಿಂತಿದ್ದವರು ಬಹಳ ಹೊತ್ತು ಕಾದು ನಿರಾಶೆಯಿಂದ ಮನೆಗೆ ಹೋದರು. ಪುಟ್ಟತಾಯಮ್ಮ ಸೋಪನ್ನು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಒಳಗಿನಿಂದ "ಸೋಪು ದೊರೆಯದಿದ್ದರೂ ಚಿಂತೆಯಿಲ್ಲ," ಎಂಬ ಮಾತು ಬಂತು.

ಅದೇ ವಾರ ನಾಗಮಂಗಲದ ಒಂದು ಸಂಘದವರು ಬಂದು, ಜವರಯ್ಯನವರಿಗೆ "ಮೃದುವಚನ ಭೂಷಣ" ಬಿರುದು ಕೊಟ್ಟು ಸನ್ಮಾನ ಮಾಡುತ್ತೇವೆ ಎಂದರು. ಹೆಂಡತಿಯೂ ವೇದಿಕೆ ಮೇಲೆ ಪಕ್ಕದಲ್ಲಿ ಕೂರಬೇಕು. ಪುಟ್ಟತಾಯಮ್ಮ ರೇಷ್ಮೆ ಸೀರೆ ಉಟ್ಟು ಬೈಕಿನ ಹಿಂದೆ ಕೂತು ಹೋದಳು. ದಾರಿಯುದ್ದಕ್ಕೂ "ತಾವು ಆರಾಮವಾಗಿ ಕುಳಿತಿದ್ದೀರಾ?" ಎಂಬ ವಿಚಾರಣೆ.

ಸಭೆ ತುಂಬಿತ್ತು. ಬೈಸಿಕೊಂಡವರೆಲ್ಲ ಬಂದಿದ್ದರು, ದ್ಯಾವಯ್ಯ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಜವರಯ್ಯ ಮೈಕಿನ ಮುಂದೆ ನಿಂತು, "ನನ್ನ ಈ ಏಳಿಗೆಗೆ ಕಾರಣರಾದ ಶ್ರೀಮತಿ ಪುಟ್ಟತಾಯಮ್ಮನವರಿಗೆ ನಾನು ಚಿರಋಣಿ. ಅವರ ಪರಿಚಯವಾದದ್ದು ನನ್ನ ಸೌಭಾಗ್ಯ," ಎಂದ.

ಪರಿಚಯ! ಬಾಳಿ ಬದುಕಿದ್ದು, ಹೆತ್ತದ್ದು, ಸಾಕಿದ್ದು, ಮದುವೆ ಮಾಡಿ ಕಳಿಸಿದ್ದು, ಒಂದೇ ಚಾಪೆಯಲ್ಲಿ ಮಲಗಿ ಮುದುಕರಾದದ್ದು, ಇದೆಲ್ಲ ಪರಿಚಯವೇ? ಪುಟ್ಟತಾಯಮ್ಮ ಎದ್ದುನಿಂತಳು. ಅವಳ ರವಿಕೆಗೆ ಯಾವ ಹೊಲವೂ ಇರಲಿಲ್ಲ, ಯಾವ ಹುಂಜವೂ ಇರಲಿಲ್ಲ, ತಡೆಯುವವರೇ ಇರಲಿಲ್ಲ.

"ಲೇ ಜವರ!" ಎಂದಳು. ಮೈಕು ಹತ್ತಿರದಲ್ಲೇ ಇತ್ತು. "ನಿನ್ ಮನೆ ಆಳಾಗೋಗ!" ಅದು ತನ್ನ ಮನೆಯೂ ಹೌದೆಂಬುದು ಆಗ ಅವಳಿಗೆ ಹೊಳೆಯಲಿಲ್ಲ. "ಮುಂಡೇದೆ, ದರಬೇಸಿ, ಕರ್ಮಗೇಡಿ! ಯಾರ್ಲಾ ನಿಂಗೆ ಪರಿಚಯ? ನಾನಾ? ನಿನ್ ಪಾದ ಬೊಬ್ಬೆ ಎದ್ದಾಗ ಊದ್ಕಂಡ್ ಕೂತಿದ್ದೋಳು ಪರಿಚಯ್ದೋಳಾ? ಅಬ್ಬೇಪಾರಿ ನನ್ ಮಗ್ನೆ, ತಾವು ಅಂತಾನೆ ತಾವು! ನಿನ್ ತಾವಿಗೆ ಬೆಂಕಿ ಆಕ!" ಇಷ್ಟು ವರ್ಷ ಜಗಲಿಯ ಮೇಲೆ ಕೂತು ಕೇಳಿದ್ದೆಲ್ಲ, ಒಂದೂ ಮರೆತುಹೋಗದೆ, ಒಂದರ ಹಿಂದೊಂದು ಬಂತು. ಗಂಡನಿಗೂ ಗೊತ್ತಿಲ್ಲದ ಒಂದೆರಡು ಮಾಕವಳ್ಳಿ ಬೈಗುಳವೂ ನಡುವೆ ಸೇರಿಕೊಂಡವು. ಸಂಘದ ಅಧ್ಯಕ್ಷರು ಸನ್ಮಾನಪತ್ರವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ದ್ಯಾವಯ್ಯ ತಲೆ ಎತ್ತಿದ. ಕೊನೆಗೆ ಅವಳ ದನಿ ಒಡೆಯಿತು. "ಬಿಚ್ಚಾಕು ಆ ಅಂಗಿಯ. ಯಾವ್ ಕಣ್ಣಾದ್ರೂ ಬೀಳ್ಲಿ. ಬೆಲ್ಟು ಕೀಳ್ಲಿ, ಬೈಕು ಬೀಳ್ಲಿ, ಇಬ್ರೂ ಒಟ್ಗೆ ಬೀಳವ. ನಂಗ್ ನನ್ ಗಂಡ ಬೇಕು!" ಎಂದು ವೇದಿಕೆಯ ಮೇಲೇ ಕೂತು ಅತ್ತಳು.

ಜವರಯ್ಯ ಏನೋ ಹೇಳಲು ಹೋದ. "ತಾವು..." ಎಂದಿತು ಬಾಯಿ. ಅವನಿಗೇ ನಾಚಿಕೆಯಾಯಿತು. ಗುಂಡಿಗೆ ಕೈ ಹಾಕಿದ. ದಾರ ಬಿಗಿಯಾಗಿ ತೂತುಗಳು ಕಿರಿದಾಗಿದ್ದವು, ಒಂದೊಂದನ್ನೂ ಎಳೆದಾಡಿ ಬಿಚ್ಚಬೇಕಾಯಿತು. ಅಂಗಿ ಕಳಚಿ ಕುರ್ಚಿಯ ಮೇಲೆ ಹಾಕಿ ಬನಿಯನ್ನಿನಲ್ಲಿ ನಿಂತ. ತಾಯಂದಿರು ಮಕ್ಕಳ ಕಿವಿ ಮುಚ್ಚಿದರು. ಇಷ್ಟು ದಿನ ತಡೆದದ್ದೆಲ್ಲ ಈಗ ಬಂದರೆ ಶಾಮಿಯಾನ ಉಳಿಯುತ್ತದೆಯೇ ಎಂದು ಬಾಡಿಗೆಗೆ ಕೊಟ್ಟವನು ಕಂಬ ಹಿಡಿದುಕೊಂಡ.

ಜವರಯ್ಯ ಅವಳ ಪಕ್ಕ ನೆಲದ ಮೇಲೆ ಕೂತ. ಬಾಯಿ ತೆರೆದ. ತಡೆಯುವ ದಾರ ಒಂದೆಳೆಯೂ ಮೈಮೇಲೆ ಇರಲಿಲ್ಲ. ಆದರೂ ಹುಡುಕಿದರೆ ಒಂದು ಬೈಗುಳವೂ ಸಿಗಲಿಲ್ಲ.

"ಪುಟ್ತಾಯಿ," ಎಂದ. ಮದುವೆಯಾದಾಗಿನಿಂದ ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಅಳ್ಬ್ಯಾಡ ಕಣಮ್ಮಿ. ನಡಿ, ಮನೆಗ್ ಓಗವ."

ಇಬ್ಬರೂ ವೇದಿಕೆ ಇಳಿದು ನಡೆದರು. ಸಂಘದವರಿಗೆ ಪೀಕಲಾಟ. ಹಾರ ತಂದಾಗಿದೆ, ಫೋಟೋದವನು ಬಂದಾಗಿದೆ, ಕಾರ್ಯಕ್ರಮ ನಿಲ್ಲಿಸುವುದು ಹೇಗೆ? ಸ್ವಲ್ಪ ಗುಸುಗುಸು ಮಾಡಿ, ಅಧ್ಯಕ್ಷರು ಕುರ್ಚಿಯ ಮೇಲಿದ್ದ ಅಂಗಿಗೇ ಹಾರ ಹಾಕಿ, ಶಾಲು ಹೊದಿಸಿ, ಬಿರುದು ಓದಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಅಂಗಿ ಏನೂ ಮಾತಾಡಲಿಲ್ಲ, ಅದೂ ಮೃದುವಚನವೇ ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದರು.

ಬೈಕು ಜಕ್ಕನಹಳ್ಳಿ ದಾಟಿದರೂ ಪುಟ್ಟತಾಯಮ್ಮನ ಬಾಯಿ ನಿಂತಿರಲಿಲ್ಲ. ಅಳು ಮುಗಿದು ಬೈಗುಳ ಮತ್ತೆ ಹತ್ತಿಕೊಂಡಿತ್ತು. ಈ ಸಲ ಜವರಯ್ಯನ ಹಿರಿಯರನ್ನೆಲ್ಲ ಹೆಸರು ಹೇಳಿ ಕರೆಯುತ್ತಿದ್ದಳು. ಬನಿಯನ್ನಿಗೆ ಚಳಿ ಹೊಡೆಯುತ್ತಿದ್ದರೂ ಜವರಯ್ಯ ವೇಗ ಕಡಿಮೆ ಮಾಡಿದ, ಒಂದು ಮಾತೂ ಗಾಳಿಗೆ ಹಾರಿಹೋಗದಿರಲಿ ಎಂದು.